ನಾಯಿ ಎಳೆದ ದಿನದ ಹಾಜರಿ

ಕಾಯ್ದೆಯನ್ನು ನಮ್ಮೂರಿಗೆ ತಂದವನು ನಮ್ಮಪ್ಪ. ಬೆಂಗಳೂರಿನಲ್ಲಿ ಸರ್ಕಾರ ಅದನ್ನು ಮಾಡಿತಂತೆ, ಗೌರಿಬಿದನೂರಿಗೆ ಕಾಗದ ಬಂತಂತೆ. ಅದೆಲ್ಲ ಇರಲಿ. ಊರಿನ ಕಿವಿಗೆ ಹಾಕಿದ್ದು ಅಪ್ಪನ ತಮಟೆ.

ಊರಿನ ಹೆಸರು ನಾನು ಬರೆಯುವುದಿಲ್ಲ. ನಗರಗೆರೆ ಹೋಬಳಿ, ಅಷ್ಟು ಸಾಕು. ಹೆಸರು ಬರೆದರೆ ಅಲ್ಲಿ ಇನ್ನೂ ಕೂಲಿ ಮಾಡಿಕೊಂಡಿರುವ ನನ್ನ ತಮ್ಮನಿಗೆ ತೊಂದರೆ. ನನಗೇನೂ ಆಗುವುದಿಲ್ಲ. ನಾನು ಆ ಊರು ಬಿಟ್ಟು ಬಹಳ ದಿನವಾಯಿತು.

ಅಪ್ಪನ ಹೆಸರು ಕೋನಪ್ಪ. ಊರಿನವರ ಬಾಯಲ್ಲಿ ಕೋನಿಗ. ತೋಟಿ ಕೆಲಸ ನಮ್ಮ ಮನೆಯದು. ಸತ್ತ ದನ ಎತ್ತಬೇಕು. ಪಟೇಲರ ಹಿಂದೆ ಕಂದಾಯದ ಪೆಟ್ಟಿಗೆ ಹೊರಬೇಕು. ನಗರಗೆರೆಯಿಂದ ಟಪಾಲು ತರಬೇಕು. ಸರ್ಕಾರದ ಮಾತು ಏನಾದರೂ ಇದ್ದರೆ ತಮಟೆ ಬಡಿದು ಸಾರಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಸೆರಗು ಒಡ್ಡಿದರೆ ರಾಗಿ ಹಾಕುತ್ತಾರೆ. ಹಾಕಿದಷ್ಟು ತರಬೇಕು.

ಅರವತ್ತೆರಡನೇ ಇಸವಿ, ಬೇಸಿಗೆ ರಜ ಮುಗಿದು ಶಾಲೆ ತೆರೆಯುವ ಸಮಯ. ಅಪ್ಪ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿಕೊಂಡ. ಪಟೇಲರ ಬಾಗಿಲು, ಆಂಜನೇಯನ ಗುಡಿ, ಅರಳಿಕಟ್ಟೆ, ಮೂರು ಕಡೆ ನಿಂತು ಕೂಗಿದ.

"ಕೇಳ್ರಪ್ಪೋ ಕೇಳ್ರಿ. ಆರು ವರ್ಸ ತುಂಬಿದ ಮಕ್ಕಳನ್ನೆಲ್ಲಾ ಸ್ಕೂಲಿಗೆ ಕಳಿಸ್ಬೇಕಂತೆ. ಗಂಡಾಗ್ಲಿ, ಹೆಣ್ಣಾಗ್ಲಿ, ಯಾವ ಜಾತಿಯಾಗ್ಲಿ. ಕಳಿಸ್ದೇ ಹೋದ್ರೆ ಹೆತ್ತೋರಿಗೆ," ಅಲ್ಲೊಂದು ಕೆಮ್ಮು, ಹೊಗೆ ಕುಡಿದ ಕೆಮ್ಮು, "ದಂಡ ಬೀಳ್ತೈತಂತೆ. ಸರ್ಕಾರದ ಅಪ್ಪಣೆ."

‘ಯಾವ ಜಾತಿಯಾಗ್ಲಿ’ ಅನ್ನುವುದನ್ನು ಶಾನುಭೋಗರು ಹೇಳಿಕೊಟ್ಟಿದ್ದರೋ, ಅಪ್ಪನೇ ಸೇರಿಸಿಕೊಂಡನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕೇರಿಯಲ್ಲಿ ಸಾರುವ ರೂಢಿ ಇರಲಿಲ್ಲ. ಕೇರಿಗೆ ಯಾರು ಏನು ಹೇಳಬೇಕು? ಆವತ್ತು ಅಪ್ಪ ಯಾರೂ ಹೇಳದಿದ್ದರೂ ಕೇರಿಗೆ ಬಂದ, ನಮ್ಮ ಗುಡಿಸಲ ಮುಂದೆ ನಿಂತ, ಬೇರೆಲ್ಲ ಕಡೆಗಿಂತ ಜೋರಾಗಿ ಬಡಿದ. ಒಳಗೆ ಮುದ್ದೆ ತಿರುವುತ್ತಿದ್ದ ಅಮ್ಮ ಹೊರಗೆ ಬಂದು, "ನಿನಗೇನು ಹುಚ್ಚು ಹಿಡಿದೈತಾ, ನಮ್ಮ ಮನೆ ಮುಂದೆ ಬಡೀತಿದೀಯಾ" ಅಂದಳು.

"ನಮಗೂ ಸೇರ್ತೈತೆ ಕಣೇ ಮಂಗಮ್ಮ" ಅಂದ ಅಪ್ಪ.

ಆ ಕಾಯ್ದೆಯನ್ನು ಇಡೀ ಊರಿನಲ್ಲಿ ನಂಬಿದವನು ಅವನೊಬ್ಬನೇ. ತನ್ನ ಬಾಯಿಂದ ಬಂದ ಮಾತಲ್ಲವೇ, ಅದಕ್ಕೆ ನಂಬಿದ. ಮಾರನೆಯ ದಿನ ನನ್ನ ತಲೆಗೆ ಹರಳೆಣ್ಣೆ ಹಚ್ಚಿ, ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದ. ನನಗೆ ಎಂಟು ವರ್ಷ.

ಶಾಲೆಗೆ ಅಂತ ಬೇರೆ ಕಟ್ಟಡವಿರಲಿಲ್ಲ. ಆಂಜನೇಯನ ಗುಡಿಯ ಮುಂದಿನ ಪಡಸಾಲೆಯೇ ಶಾಲೆ. ಗುಡಿ ಅಂದಮೇಲೆ ನಾವು ಹತ್ತುವ ಹಾಗಿಲ್ಲ. ಮೇಷ್ಟ್ರು ಚನ್ನಕೇಶವ ಸೇರಿಸಿಕೊಳ್ಳುವುದಿಲ್ಲ ಅನ್ನಲಿಲ್ಲ. ಕಾಯ್ದೆ ಇದೆಯಲ್ಲ, ಹೇಗೆ ಅಂದಾರು? ದೊಡ್ಡ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ಗಂಗುಲಮ್ಮ, ತಂದೆ ಕೋನಪ್ಪ. ಬರೆದು, ಮೆಟ್ಟಿಲ ಕೆಳಗೆ ಮಕ್ಕಳು ಚಪ್ಪಲಿ ಬಿಡುವ ಜಾಗ ತೋರಿಸಿದರು. ಅದೇ ನನ್ನ ಜಾಗ.

ಅಪ್ಪ ನಗರಗೆರೆಯಿಂದ ಒಂದು ಸ್ಲೇಟು ತಂದುಕೊಟ್ಟ. ಆ ಸ್ಲೇಟಿನ ಮೇಲೆ ಮೇಷ್ಟ್ರು ಒಂದು ದಿನವೂ ಒಂದು ಅಕ್ಷರ ಬರೆದುಕೊಡಲಿಲ್ಲ. ಸ್ಲೇಟು ಮುಟ್ಟಬೇಕಾಗುತ್ತದಲ್ಲ.

ಅಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಗುಡಿ ಸುತ್ತ ಗುಡಿಸುತ್ತಿದ್ದೆ. ಸಗಣಿ ಆರಿಸಿ ತಂದು ಅಂಗಳ ಸಾರಿಸುತ್ತಿದ್ದೆ. ಮೇಷ್ಟ್ರು ಹಾಜರಿ ಕೂಗಿದಾಗ ಕೆಳಗಿನಿಂದಲೇ "ಹಾಜರ್ ಸಾರ್" ಅನ್ನುತ್ತಿದ್ದೆ. ಅಂದ ಕೂಡಲೇ ಅವರು, "ಮನೆ ಹತ್ರ ಹೋಗಮ್ಮ" ಅನ್ನುತ್ತಿದ್ದರು. ಅವರ ಮನೆ ಹಿಂದೆ ಕೊಟ್ಟಿಗೆ. ಎರಡು ಹಸು, ಒಂದು ಎಮ್ಮೆ. ಕೊಟ್ಟಿಗೆ ಬಾಚಿ, ಗಂಜಲ ತೋಡಿ, ಬುಟ್ಟಿ ತಲೆ ಮೇಲಿಟ್ಟುಕೊಂಡು ತಿಪ್ಪೆಗೆ ಹಾಕಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಗಂಜಲ ಸೋರಿ ಕಿವಿ ಹಿಂದೆ ಇಳಿಯುತ್ತಿತ್ತು. ಹಚ್ಚಿದ ಹರಳೆಣ್ಣೆಯ ವಾಸನೆ ಅದರಲ್ಲಿ ಹೋಗುತ್ತಿತ್ತು. ಬಾಯಾರಿದರೆ ಮೇಷ್ಟ್ರ ಹೆಂಡತಿ ಮೇಲಿನಿಂದ ನೀರು ಹುಯ್ಯುತ್ತಿದ್ದರು, ನಾನು ಬೊಗಸೆ ಒಡ್ಡಿ ಕುಡಿಯುತ್ತಿದ್ದೆ. ಇಷ್ಟು ನನ್ನ ಒಂದನೇ ಕ್ಲಾಸು.

ಸಾಯಂಕಾಲ ಅಪ್ಪ ಕೇಳುತ್ತಿದ್ದ. ಕೆಲಸದಿಂದ ಬಂದು ಕಾಲು ತೊಳೆಯುವ ಮುಂಚೆಯೇ ಕೇಳುತ್ತಿದ್ದ.

"ಇವತ್ತೇನು ಬರೆಸಿದ್ರು ತಾಯೀ?"

ಅವನ ಮುಖ ನೋಡಿ ನನಗೆ ನಿಜ ಹೇಳಲಾಗಲಿಲ್ಲ. ಎಂಟು ವರ್ಷದ ಮಗುವಿಗೂ ಅಷ್ಟು ಕರುಳು ಇರುತ್ತದೆ. ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಏನೋ ಗೀಚುತ್ತಿದ್ದೆ. ಒಂದು ಸೊನ್ನೆ, ಅದಕ್ಕೊಂದು ಬಾಲ, ಮೇಲೊಂದು ಕೊಂಬು. ಅಪ್ಪ ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ಬೆರಳಾಡಿಸಿ ತಿದ್ದುತ್ತಿದ್ದ. ತಮಟೆ ಹಿಡಿದು ದಪ್ಪಗಾದ ಬೆರಳು. ತಿದ್ದಿ, "ಇದು ಕಷ್ಟದ್ದು ಕಣಮ್ಮ" ಅನ್ನುತ್ತಿದ್ದ. ಯಾರೂ ತುಳಿಯಬಾರದು ಅಂತ ಅದರ ಮೇಲೆ ಬಿದಿರ ಮಂಕರಿ ಮುಚ್ಚುತ್ತಿದ್ದ.

ಹೀಗೆ ಏಳು ತಿಂಗಳು ನಾನು ಅಪ್ಪನಿಗೆ ಸುಳ್ಳಕ್ಷರ ಕಲಿಸಿದೆ.

ಸಂಕ್ರಾಂತಿ ಕಳೆದ ಮೂರನೇ ದಿನ ಗುಡಿಯ ಹಿಂದೆ ಒಂದು ನಾಯಿ ಸತ್ತು ಬಿದ್ದಿತ್ತು. ಸತ್ತು ಎರಡು ದಿನವಾಗಿತ್ತು ಅಂತ ಕಾಣುತ್ತದೆ. ಊದಿಕೊಂಡಿತ್ತು. ನೊಣ ಮುತ್ತಿದ್ದವು. ಪಡಸಾಲೆಗೆ ವಾಸನೆ ಬಡಿಯುತ್ತಿತ್ತು. ಮೇಷ್ಟ್ರು ಹಾಜರಿ ತೆಗೆದುಕೊಂಡು ನನ್ನನ್ನು ಕರೆದರು.

"ನಿಮ್ಮಪ್ಪ ಎಲ್ಲಮ್ಮ?"

"ಪಟೇಲರ ಜೊತೆ ನಗರಗೆರೆಗೆ ಹೋಗವ್ನೆ ಸಾರ್."

"ಹಂಗಾದ್ರೆ ನೀನೇ ಎಳೆದು ಹಾಕು. ನಿಮ್ಮನೆ ಕೆಲಸ ತಾನೇ."

ಮೂಗಿಗೆ ಪಂಚೆ ತುದಿ ಹಿಡಿದುಕೊಂಡೇ ಹೇಳಿದರು. ಒಂದು ಹಗ್ಗ ಎಸೆದರು. ನಾನು ನಾಯಿಯ ಕಾಲಿಗೆ ಕಟ್ಟಿ ಎಳೆದೆ. ಅದು ನನಗಿಂತ ಭಾರವಾಗಿತ್ತು. ಎರಡು ಮಾರು ಎಳೆಯುವಷ್ಟರಲ್ಲಿ ಹಗ್ಗ ಜಾರಿತು, ಹಗ್ಗದ ಜೊತೆ ಚರ್ಮವೂ ಕಿತ್ತು ಬಂತು. ಮತ್ತೆ ಕಟ್ಟಿದೆ, ಮತ್ತೆ ಜಾರಿತು. ಕೊನೆಗೆ ಎರಡು ಕೈಯಲ್ಲಿ ಕಾಲನ್ನೇ ಹಿಡಿದು ಹಿಮ್ಮುಖವಾಗಿ ಎಳೆದೆ. ಅದರ ಹೊಟ್ಟೆಯಿಂದ ನೀರು ಬಂದು ನನ್ನ ಪಾದದ ಮೇಲೆ ಹರಿಯಿತು. ಮಕ್ಕಳು ಮೆಟ್ಟಿಲಿಗೆ ಬಂದು ನಿಂತು ನೋಡಿದರು. ಮೇಷ್ಟ್ರು ಗದರಿ ಅವರನ್ನು ಒಳಗೆ ಕೂರಿಸಿ ಮಗ್ಗಿ ಹೇಳಿಸಿದರು. ಕೆರೆ ಅಂಚಿನ ಗುಂಡಿಯವರೆಗೂ ನನ್ನ ಬೆನ್ನ ಹಿಂದೆ ಎರಡರ ಮಗ್ಗಿ ಕೇಳಿಸುತ್ತಿತ್ತು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಆ ಶಾಲೆಯಲ್ಲಿ ನಾನು ಕಲಿತ ಪಾಠ ಅದೊಂದೇ. ನಾಯಿ ಎಳೆಯುತ್ತಾ ಕಲಿತೆ.

ತಿರುಗಿ ಬಂದರೆ ಮೇಷ್ಟ್ರು, "ಅಲ್ಲೇ ನಿಲ್ಲು, ಹತ್ರ ಬರಬೇಡ. ಮನೆಗೆ ಹೋಗು" ಅಂದರು.

ಅಪ್ಪ ಬಂದಾಗ ಅಮ್ಮ ಇನ್ನೂ ನನ್ನ ಕೈ ಉಜ್ಜುತ್ತಿದ್ದಳು. ಬೂದಿ ಹಾಕಿ ಉಜ್ಜಿದ್ದಳು, ಸೀಗೆಪುಡಿ ಹಾಕಿ ಉಜ್ಜಿದ್ದಳು. ಅಪ್ಪ ಏನಾಯಿತು ಅಂತ ಕೇಳಿದ. ಅಮ್ಮ ಹೇಳಿದಳು. ಅಪ್ಪನ ಕೈಗೂ ಅದೇ ವಾಸನೆ ಎಷ್ಟೋ ಸಲ ಹತ್ತಿತ್ತು. ಅವನಪ್ಪನ ಕೈಗೂ. ಅದಕ್ಕೆ ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ನನ್ನನ್ನು ಬಿಟ್ಟು ಒಬ್ಬನೇ ಶಾಲೆಗೆ ಹೊರಟ. ನಾನು ಹಿಂದೆಯೇ ಹೋದೆ. ಅಪ್ಪ ಗುಡಿ ಮುಂದಿನ ದಾರಿಯಲ್ಲೇ ನಿಂತು ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಸ್ವಾಮೀ, ನಾಯಿ ಸತ್ರೆ ನನ್ನ ಕರೀರಿ. ಎಲ್ಲಿದ್ರೂ ಬರ್ತೀನಿ. ಮಗೂನ ಓದಿಸಿ."

ಮೇಷ್ಟ್ರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವರು ಕೂಗಾಡುವ ಮನುಷ್ಯರಲ್ಲ. ಮೆತ್ತಗೆ ಕೇಳಿದರು.

"ಸ್ಕೂಲಲ್ಲಿ ಏನು ಮಾಡಿಸ್ಬೇಕು ಅಂತ ಹೇಳೋಕೆ ನೀನ್ಯಾರಪ್ಪ?"

"ಅದರ ಅಪ್ಪ ಸ್ವಾಮೀ."

"ಕಳಿಸೋದು ನಿನ್ನ ಕೆಲಸ. ಅಷ್ಟೇ. ನೀನೇ ತಮಟೆ ಬಡಿದು ಸಾರಿದ್ದೀಯಲ್ಲ, ಮರೆತೋಯ್ತಾ?"

ಅಪ್ಪ ನನ್ನ ಕಡೆ ತಿರುಗಿ, ಹಿಂದಿನ ದಿನ ಮೆಟ್ಟಿಲ ಕೆಳಗೇ ಬಿಟ್ಟಿದ್ದ ಸ್ಲೇಟು ತೋರಿಸಿ, "ಸ್ಲೇಟು ಎತ್ಕೊ, ಹೋಗಣ" ಅಂದ. ನನಗೆ ಅದೊಂದು ಗಳಿಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಅದು ಉಳಿಯಲಿಲ್ಲ.

ಒಂದು ತಿಂಗಳು ಕಳೆಯಿತು. ಆ ತಿಂಗಳು ಪಟೇಲ ವೆಂಕಟರವಣಪ್ಪನವರ ಮೊಮ್ಮಕ್ಕಳೂ ಶಾಲೆಗೆ ಹೋಗಲಿಲ್ಲ. ಕಡಲೆಕಾಯಿ ಬಿಡಿಸುವ ಕಾಲ, ತೋಟದಲ್ಲೇ ಇದ್ದರು. ಅದನ್ನು ಯಾರೂ ಕೇಳಲಿಲ್ಲ. ನಗರಗೆರೆಯಿಂದ ಟಪಾಲಿನ ಚೀಲ ಹೊತ್ತು ತಂದವನು ಅಪ್ಪನೇ. ಪಟೇಲರ ಜಗಲಿಯಲ್ಲಿ ಶಾನುಭೋಗರು ಚೀಲ ಬಿಚ್ಚಿ, ಒಂದು ಕಾಗದ ತೆಗೆದು, ಅಪ್ಪ ನಿಂತಿದ್ದ ಕಡೆ ನೆಲಕ್ಕೆ ಹಾಕಿದರು.

"ಇದು ನಿಂದೇ ಕಣೋ ಕೋನಿಗಾ. ನೀನೇ ಹೊತ್ಕೊಂಡು ಬಂದಿದೀಯಾ. ಓದಿ ಹೇಳ್ಲಾ?"

ಅಪ್ಪ ಕಾಗದ ಎತ್ತಿಕೊಂಡ. ಓದಿಸಿಕೊಳ್ಳಬಹುದಾಗಿತ್ತು. ಅವನು ಏನಂದನೆಂದು ಆಮೇಲೆ ಊರೆಲ್ಲ ಹೇಳಿಕೊಂಡು ನಕ್ಕಿತು.

"ಬೇಡ ಸ್ವಾಮೀ. ನಮ್ಮ ಗಂಗುಲಮ್ಮ ಓದ್ತಾಳೆ."

ಪಟೇಲರು ಎಲೆಯಡಿಕೆ ಉಗಿದು, "ಏಮಿರಾ, ಅಷ್ಟು ದೊಡ್ಡೋನಾದ್ಯಾ" ಅಂದರಂತೆ.

ಅಪ್ಪ ಕೇರಿಗೆ ಬಂದು ನಾಲ್ಕು ಜನರನ್ನು ಕರೆದ. ಪಕ್ಕದ ಗುಡಿಸಲಿನ ಚಿಕ್ಕಪ್ಪ ಬಯ್ಯಪ್ಪ ಬಂದ, ಹೆಂಗಸರು ಬಂದರು. ನನ್ನನ್ನು ನಡುವೆ ಕೂರಿಸಿದರು. ಅಪ್ಪ ಅಂಗೈ ಒರೆಸಿಕೊಂಡು ಕಾಗದ ಬಿಡಿಸಿ ನನ್ನ ಕೈಗೆ ಕೊಟ್ಟ.

"ಓದು ತಾಯೀ. ನಿಧಾನಕ್ಕೆ ಓದು."

ಕಾಗದದ ತುಂಬ ಇರುವೆ ಸಾಲಿನ ಹಾಗೆ ಅಕ್ಷರ. ಮೂಲೆಯಲ್ಲಿ ನೀಲಿ ಮುದ್ರೆ. ನಾನು ಅದನ್ನು ತಲೆಕೆಳಗೆ ಹಿಡಿದಿದ್ದೆನೋ ಏನೋ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಮ್ಮನೂ ನೋಡುತ್ತಿದ್ದಳು. ಸರ್ಕಾರದ ಮಾತು ಅಂತ ನನಗೆ ಗೊತ್ತಿದ್ದದ್ದು ಒಂದೇ. ಅದನ್ನೇ ಶುರು ಮಾಡಿದೆ.

"ಆರು ವರ್ಸ ತುಂಬಿದ ಮಕ್ಕಳನ್ನೆಲ್ಲಾ ಸ್ಕೂಲಿಗೆ ಕಳಿಸ್ಬೇಕಂತೆ. ಗಂಡಾಗ್ಲಿ, ಹೆಣ್ಣಾಗ್ಲಿ, ಯಾವ ಜಾತಿಯಾಗ್ಲಿ. ಕಳಿಸ್ದೇ ಹೋದ್ರೆ ಹೆತ್ತೋರಿಗೆ,"

ಅಲ್ಲಿ ನಾನು ಕೆಮ್ಮಿದೆ. ಬೇಕೆಂದು ಅಲ್ಲ. ಅಪ್ಪ ಕೆಮ್ಮಿದ್ದು ಆ ಮಾತಿನ ಜೊತೆಗೇ ನನ್ನಲ್ಲಿ ಉಳಿದಿತ್ತು.

ಬಯ್ಯಪ್ಪ ತಲೆದೂಗಿದ. ಹೆಂಗಸರು "ಎಷ್ಟು ಚೆನ್ನಾಗಿ ಓದ್ತಾಳೆ" ಅಂದರು. ಅಪ್ಪ ಮಾತ್ರ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದ. ತನ್ನ ಕೆಮ್ಮು ಅವನಿಗೆ ಗೊತ್ತಾಗದೇ ಇರುತ್ತದೆಯೇ? ಎಲ್ಲರೂ ಎದ್ದು ಹೋಗುವವರೆಗೆ ಕಾದ. ಆಮೇಲೆ ನೆಲ ನೋಡಿಕೊಂಡು ಕೇಳಿದ.

"ಅಷ್ಟು ದಿನ ಇಲ್ಲಿ ಬರೀತಿದ್ದದ್ದೆಲ್ಲಾ?"

"ಬರೀ ಗೀಟು ಅಪ್ಪಾ."

"ಒಂದೂ ಇಲ್ವಾ?"

"ಇಲ್ಲ."

ಅವನು ಬಯ್ಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಮೂಲೆಯಲ್ಲಿ ಮಂಕರಿ ಬೋರಲು ಹಾಕಿತ್ತು, ಕೊನೆಯ ಗೀಟು ಇನ್ನೂ ಅದರ ಕೆಳಗಿತ್ತು. ಮಂಕರಿ ಎತ್ತಿ ಅಂಗೈಯಲ್ಲಿ ಅದನ್ನು ಸವರಿ ಅಳಿಸಿದ. ಆಮೇಲೆ ಅಲ್ಲೇ ಕೂತುಕೊಂಡ.

ಮಾರನೆಯ ದಿನ ನಗರಗೆರೆಯಲ್ಲಿ ಟಪಾಲು ಹಂಚುವವನ ಹತ್ತಿರ ಓದಿಸಿಕೊಂಡು ಬಂದ. ಮಗಳನ್ನು ಶಾಲೆ ಬಿಡಿಸಿದ ತಪ್ಪಿಗೆ ಗುರುವಾರ ಗೌರಿಬಿದನೂರಿಗೆ ಬಂದು ವಿಚಾರಣೆಗೆ ನಿಲ್ಲಬೇಕು ಅಂತ ಅದರಲ್ಲಿತ್ತು.

ಬೆಳಗಿನ ಜಾವವೇ ಎದ್ದು ನಡೆದೆವು. ನಾನು ಸೋತಾಗ ಅಪ್ಪ ಹೆಗಲ ಮೇಲೆ ಹೊತ್ತುಕೊಂಡ. ದಾರಿಯುದ್ದಕ್ಕೂ ಅವನು ಒಬ್ಬನೇ ಮಾತಾಡಿಕೊಳ್ಳುತ್ತಿದ್ದ. ಸಾಹೇಬರ ಮುಂದೆ ಹೇಳಬೇಕಾದ್ದನ್ನು, ಸಾರುವ ಮುಂಚೆ ಮಾಡುತ್ತಿದ್ದ ಹಾಗೆ, ಬಾಯಿಪಾಠ ಮಾಡಿಕೊಳ್ಳುತ್ತಿದ್ದ.

ಕಚೇರಿ ಒಂದು ಹೆಂಚಿನ ಕಟ್ಟಡ. ಮಧ್ಯಾಹ್ನದವರೆಗೂ ಹೊರಗೆ ಕೂರಿಸಿದರು. ಒಳಗೆ ಮೇಜಿನ ಹಿಂದೆ ಕನ್ನಡಕದ ಅಧಿಕಾರಿ, ಪಕ್ಕದಲ್ಲಿ ಒಬ್ಬ ಗುಮಾಸ್ತ. ಮೇಜಿನ ಮೇಲೆ ನಮ್ಮ ಶಾಲೆಯ ಹಾಜರಿ ಪುಸ್ತಕ. ಅದು ನಮಗಿಂತ ಮುಂಚೆ ಬಂದು ಕೂತಿತ್ತು.

"ಮಗೂನ ಯಾಕೆ ಬಿಡಿಸಿದೆ? ಕಾಯಿಲೆಯೇ?"

"ಇಲ್ಲ ಸ್ವಾಮೀ."

"ಶಾಲೆ ದೂರವೇ? ಒಂದು ಮೈಲಿ ಮೇಲೆ?"

"ಇಲ್ಲ ಸ್ವಾಮೀ. ಅಲ್ಲಿ ನಾಯಿ ಎಳೆಸ್ತಾರೆ. ಕೊಟ್ಟಿಗೆ ಬಾಚಿಸ್ತಾರೆ. ಒಂದಕ್ಷರ ಹೇಳಿಕೊಟ್ಟಿಲ್ಲ."

ಅಧಿಕಾರಿ ಒಂದು ತೆಳ್ಳನೆಯ ಪುಸ್ತಕ ತಿರುವಿ ಹಾಕಿದರು. "ಕಳಿಸದೇ ಇರೋಕೆ ಯಾವ ಯಾವ ಕಾರಣ ಒಪ್ಪಬಹುದು ಅಂತ ಇದರಲ್ಲಿ ಬರೆದಿದೆ. ನೀನು ಹೇಳೋ ಕಾರಣ ಇಲ್ಲಿಲ್ಲವಲ್ಲಪ್ಪ."

"ಬರೆಸಿ ನೋಡಿ ಸ್ವಾಮೀ" ಅಂದ ಅಪ್ಪ. ನನ್ನನ್ನು ಮುಂದಕ್ಕೆ ತಳ್ಳಿದ. "ನಿಮ್ಮ ಮುಂದೇನೇ ಐತೆ ಮಗು. ಅದರ ಹೆಸರು ಬರೀಲಿ. ಬರೆದ್ರೆ ನನ್ನ ಜೈಲಿಗೆ ಹಾಕಿ."

ಏಳು ತಿಂಗಳಲ್ಲಿ ನನಗೆ ನಾಚಿಕೆಯಾಗಿದ್ದ ವಿಷಯವೇ ಆವತ್ತು ಅಪ್ಪನ ಕೈಯಲ್ಲಿದ್ದ ಒಂದೇ ಸಾಕ್ಷಿ. ಮಗಳಿಗೆ ಬರೆಯಲು ಬರುವುದಿಲ್ಲ, ನೋಡಿ ಅಂತ ಬೇಡಿಕೊಳ್ಳುವ ಅಪ್ಪನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಅಧಿಕಾರಿ ನನಗೆ ಸೀಮೆಸುಣ್ಣ ಕೊಡಲಿಲ್ಲ. ಹಾಜರಿ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. "ಸಂಕ್ರಾಂತಿವರೆಗೂ ಒಂದು ದಿನ ತಪ್ಪದೆ ಹಾಜರ್ ಇದೆ. ನಿನ್ನ ಮಗಳಷ್ಟು ಸರಿಯಾಗಿ ಬಂದಿರೋರು ಆ ಊರಲ್ಲೇ ಇಲ್ಲ."

"ಸಂಕ್ರಾಂತಿ ಕಳೆದ ಮೂರನೇ ದಿನ ನೋಡಿ ಸ್ವಾಮೀ. ಆವತ್ತು ನಾಯಿ ಎಳೆಸಿದ್ದು. ವಾಪಸ್ಸು ಕಳಿಸಿಬಿಟ್ರು. ಕ್ಲಾಸಲ್ಲಿ ಕೂರಿಸಿಲ್ಲ."

ಬೆರಳು ಸಾಲಿನ ಮೇಲೆ ಸರಿದು ನಿಂತಿತು. "ಹಾಜರ್" ಅಂದರು ಅಧಿಕಾರಿ.

ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಕೊನೆಯ ಮಾತು ಕೇಳಿದ. ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದು ಅದನ್ನೇ.

"ಕಳಿಸಲ್ಲ ಅಂತ ಹೇಳ್ತಿಲ್ಲ ಸ್ವಾಮೀ. ಅಲ್ಲಿ ಏನು ಮಾಡಿಸ್ತಾರೆ ಅಂತ ಕೇಳೋಕೆ ನನಗೊಂದು ಅಪ್ಪಣೆ ಬರೆದುಕೊಡಿ."

"ಅದು ನನ್ನ ಕೈಯಲ್ಲಿಲ್ಲಪ್ಪ. ಕಳಿಸಿದ್ಯೋ ಇಲ್ವೋ, ಅಷ್ಟೇ ನಾನು ನೋಡೋದು."

ಗುಮಾಸ್ತ ಬರೆದು ಓದಿದ. ಸೋಮವಾರದಿಂದ ಮಗುವನ್ನು ಕಳಿಸತಕ್ಕದ್ದು. ತಪ್ಪಿದರೆ ದಂಡ. ಶಾಯಿಯ ಪೆಟ್ಟಿಗೆ ಮುಂದೆ ತಳ್ಳಿ, ಹೆಬ್ಬೆಟ್ಟು ಒತ್ತು ಅಂದ.

ಅಪ್ಪ ಒತ್ತಲಿಲ್ಲ. ಎಡಗೈ ಮುಷ್ಟಿ ಹಿಡಿದು, ಹೆಬ್ಬೆರಳನ್ನು ಒಳಗೆ ಮಡಚಿಕೊಂಡು, ಬೆನ್ನ ಹಿಂದಕ್ಕೆ ಇಟ್ಟುಕೊಂಡ. ನಾನು ಹಿಂದೆ ನಿಂತಿದ್ದೆ. ಆ ಮುಷ್ಟಿ ನನ್ನ ಕಣ್ಣ ಮುಂದೆಯೇ ಇತ್ತು. ಗುಮಾಸ್ತ ಇನ್ನೊಂದು ಸಲ ಹೇಳಿದ. ಅಪ್ಪ, "ಒತ್ತಲ್ಲ" ಅಂದ. ಸ್ವಾಮೀ ಅಂತ ಸೇರಿಸಲಿಲ್ಲ. ಅವನ ಬಾಯಿಂದ ಆ ಮಾತಿಲ್ಲದ ಉತ್ತರ ನಾನು ಕೇಳಿದ್ದು ಆವತ್ತೇ.

ಯಾರಿಗೂ ಕೋಪ ಬರಲಿಲ್ಲ. ಗುಮಾಸ್ತ ಲೇಖನಿ ಅದ್ದಿ, "ಹೆಬ್ಬೆಟ್ಟು ಒತ್ತಲು ನಿರಾಕರಿಸಿದ" ಅಂತ ಬರೆದುಕೊಂಡು ಶಾಯಿ ಆರಲು ಊದಿದ. "ಇದೂ ನಡೆಯುತ್ತೆ, ಹೋಗು" ಅಂದ. ಒಲ್ಲೆ ಅಂದದ್ದಕ್ಕೂ ಅಲ್ಲಿ ಒಂದು ಸಾಲು ಇತ್ತು.

ಶನಿವಾರ ಪಟೇಲರು ಅಪ್ಪನನ್ನು ಕರೆಸಿದರು. ಸರ್ಕಾರದವರು ಬಿಗಿ ಮಾಡಿದ್ದಾರೆ, ಇನ್ನೊಂದು ಸಲ ಸಾರಬೇಕು ಅಂದರು. ಊರಿಗೆ ಭಯ ಇರಲಿ ಅಂತ ಒಂದು ಮಾತು ಸೇರಿಸಿಕೊಟ್ಟರು. ಅಪ್ಪ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿದ. ಸುಗ್ಗಿಯ ರಾಗಿ ಆ ಜಗಲಿಯಿಂದಲೇ ಬರಬೇಕಿತ್ತು. ಮೂರು ಕಡೆ ನಿಂತು ಕೂಗಿದ.

"ಮಕ್ಕಳನ್ನ ಸ್ಕೂಲಿಗೆ ಕಳಿಸ್ದೇ ಹೋದ್ರೆ ತೋಟಿ ಕೋನಿಗನ್ನ ಕಚೇರಿಗೆ ಎಳೆದಂಗೆ ಎಳೀತಾರಂತೆ."

ಅವನ ಹೆಸರನ್ನು ಅವನೇ ಕೂಗಿದ. ಅರಳಿಕಟ್ಟೆಯಲ್ಲಿ ಕೂತವರು, "ಇನ್ನೊಂದು ಸಲ ಕೂಗೋ, ಕೇಳಿಸಲಿಲ್ಲ" ಅಂದರು. ಅಪ್ಪ ಇನ್ನೊಂದು ಸಲ ಕೂಗಿದ. ಕೇರಿಗೆ ಬಂದಾಗ ತಮಟೆ ಕಂಕುಳಲ್ಲಿತ್ತು. ನಮ್ಮ ಗುಡಿಸಲ ಮುಂದೆ ಬಡಿಯಲಿಲ್ಲ. ಸೀದಾ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ನನಗೆ ಅಕ್ಷರ ಬಂದದ್ದು ಎಷ್ಟೋ ವರ್ಷದ ಮೇಲೆ, ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಕೂಲಿಗೆ ಹೋದಾಗ. ಪಕ್ಕದ ಒಲೆಯಲ್ಲಿ ಕೂರುತ್ತಿದ್ದ ಹೆಂಗಸು, ಬೆಂದ ಗೂಡಿನ ನೀರಲ್ಲಿ ಬೆರಳು ಅದ್ದಿ ನೆಲದ ಮೇಲೆ ಬರೆದು ತೋರಿಸುತ್ತಿದ್ದಳು. ಆಗ ಅಪ್ಪ ಇರಲಿಲ್ಲ. ನಿಜವಾದ ಅಕ್ಷರ ಒಂದನ್ನೂ ನಾನು ಅವನಿಗೆ ತೋರಿಸಲಾಗಲಿಲ್ಲ.

ಗುಮಾಸ್ತ ಬರೆದಿದ್ದ ಸೋಮವಾರ ಬಂತು. ಅಮ್ಮ ತಲೆಗೆ ಎಣ್ಣೆ ಹಚ್ಚಿದಳು. ಅಪ್ಪ ಕೈ ಹಿಡಿದು ಕರೆದುಕೊಂಡು ಹೋಗಿ, ದಾರಿಯಲ್ಲೇ ನಿಂತು ನನ್ನ ಕೈ ಬಿಟ್ಟ. ನಾನು ಹೋಗಿ ಚಪ್ಪಲಿಗಳ ಪಕ್ಕ ಕೂತೆ. ಕಚೇರಿಯಲ್ಲಿ ಕಂಡ ಅಪ್ಪನ ಮುಷ್ಟಿ ನನ್ನ ತಲೆಯಲ್ಲಿತ್ತು. ನನ್ನ ಹತ್ತಿರ ಮಡಚಿಕೊಳ್ಳಲು ಇದ್ದದ್ದು ನಾಲಿಗೆ ಒಂದೇ.

ಮೇಷ್ಟ್ರು ಹೆಸರು ಕೂಗುತ್ತಾ ಬಂದರು.

"ಗಂಗುಲಮ್ಮ."

ನಾನು ಹಾಜರ್ ಸಾರ್ ಅನ್ನಲಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ. ಬೈಯುತ್ತಾರೆ, ಯಾಕೆ ಬಾಯಿ ಬಿಡುವುದಿಲ್ಲ ಅಂತ ಕೇಳುತ್ತಾರೆ, ಕೇಳಿದರೆ ಎಲ್ಲ ಹೇಳಿಬಿಡಬೇಕು ಅಂತ ಕಾದೆ. ಅಪ್ಪನೂ ದಾರಿಯಲ್ಲಿ ಕಾಯುತ್ತಾ ನಿಂತಿದ್ದ.

ಮೇಷ್ಟ್ರು ಪುಸ್ತಕದಿಂದ ತಲೆ ಎತ್ತಲಿಲ್ಲ. ಹಾಜರ್ ಅಂತ ಬರೆದುಕೊಂಡು ಮುಂದಿನ ಹೆಸರು ಕೂಗಿದರು.